ಲಾಭ ಯಾರ ಮಾಡಿಗೆ, ಲೈನು ಯಾರ ತೋಟಕ್ಕೆ

ಕಾಸರಗೋಡಿನಲ್ಲಿ ತಿಂಗಳಿಗೆ 450 ಯೂನಿಟ್ ಕರೆಂಟು ಖರ್ಚು ಮಾಡುವ ಮನೆಯವರು ಮಾಡಿನ (ಛಾವಣಿಯ) ಮೇಲೆ 3 ಕಿಲೋವ್ಯಾಟಿನ ಸೋಲಾರ್ ಹಾಕಿಸಿದರೆ ಮೂರು ವರ್ಷದಲ್ಲಿ ಹಾಕಿದ ದುಡ್ಡು ವಾಪಸು. ತಿಂಗಳಿಗೆ 80 ಯೂನಿಟ್ ಖರ್ಚಿನ ಮನೆಯವರು 1 ಕಿಲೋವ್ಯಾಟ್ ಹಾಕಿಸಿದರೆ ಬ್ಯಾಂಕಿನ ಕಂತು ಉಳಿತಾಯವನ್ನೇ ಮೀರುತ್ತದೆ. ಇಬ್ಬರ ಅಂಗಳಕ್ಕೂ ಬೀಳುವ ಬಿಸಿಲು ಒಂದೇ, ಯೋಜನೆಯೂ ಒಂದೇ. ಇಂಧನ ಬದಲಾವಣೆಯ ನ್ಯಾಯ ಅನ್ಯಾಯ ದರಪಟ್ಟಿಯ ಸ್ಲ್ಯಾಬು, ಮನೆಯ ಆಧಾರಪತ್ರ (ಹಕ್ಕಿನ ದಾಖಲೆ), ಓಣಿಯ ಟ್ರಾನ್ಸ್‌ಫಾರ್ಮರು, ಹೈಟೆನ್ಶನ್ ಲೈನಿನ ಅಗಲ ಇಂಥ ಕಡೆಗಳಲ್ಲಿ ತೀರ್ಮಾನವಾಗುತ್ತದೆ. ಭಾಷಣಗಳಲ್ಲಿ ಇವು ಬರುವುದು ಕಡಿಮೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಉದಾಹರಣೆ ಇಟ್ಟುಕೊಂಡು ಒಂದೊಂದಾಗಿ ಬಿಡಿಸಿ ನೋಡಬಹುದು.

ಮೊದಲು ಬಿಲ್ಲು. ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ಗೃಹಬಳಕೆ ದರ ತಿಂಗಳಿಗೆ 250 ಯೂನಿಟ್‌ವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. 2025ರ ಏಪ್ರಿಲ್‌ನಿಂದ ಮೊದಲ 50 ಯೂನಿಟ್ಟಿಗೆ 3.35 ರೂಪಾಯಿ, ಮುಂದಿನ 50ಕ್ಕೆ 4.25, ಹೀಗೆ ಮೇಲೇರಿ ಕೊನೆಯ ಮೆಟ್ಟಿಲು 8.50. ಬಳಕೆ 250 ದಾಟಿತೋ, ಮೆಟ್ಟಿಲೇ ಮಾಯ. ಮೊದಲ ಯೂನಿಟ್ಟಿನಿಂದ ಕೊನೆಯ ಯೂನಿಟ್ಟಿನವರೆಗೆ ಒಂದೇ ದರ. 450 ಯೂನಿಟ್ಟಿನವರಿಗೆ ಅದು 8.25. ಅಂದರೆ ಸ್ಥಿರ ಶುಲ್ಕ, ಸುಂಕ ಬಿಟ್ಟು ತಿಂಗಳಿಗೆ 3,712 ರೂಪಾಯಿ. ಈ ಮನೆಯ 3 ಕಿಲೋವ್ಯಾಟ್ ಘಟಕ ವರ್ಷದ ಸರಾಸರಿಯಲ್ಲಿ ತಿಂಗಳಿಗೆ 360 ಯೂನಿಟ್ ಕೊಡುತ್ತದೆ ಎಂದುಕೊಳ್ಳಿ. ಕಳೆದು ಉಳಿಯುವುದು 90 ಯೂನಿಟ್. ಅದು ಸೀದಾ ಅತ್ಯಂತ ಕೆಳಗಿನ ಎರಡು ಮೆಟ್ಟಿಲಿಗೆ ಇಳಿದು 337 ರೂಪಾಯಿಯಾಗುತ್ತದೆ. ತಿಂಗಳ ಉಳಿತಾಯ 3,375, ವರ್ಷಕ್ಕೆ ನಲವತ್ತು ಸಾವಿರದ ಮೇಲೆ. ಘಟಕಕ್ಕೆ 2 ಲಕ್ಷ ಬಿದ್ದರೂ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿ 78,000 ಕಳೆದು ಕೈಯಿಂದ ಹೋಗುವುದು 1.22 ಲಕ್ಷ. ಮೂರು ವರ್ಷದ ಲೆಕ್ಕ ಬಂದದ್ದು ಹೀಗೆ.

ಈಗ 80 ಯೂನಿಟ್ಟಿನ ಮನೆ. ಅದರ ತಿಂಗಳ ವಿದ್ಯುತ್ ಶುಲ್ಕವೇ 295 ರೂಪಾಯಿ. ಫಲಕ ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಅದಕ್ಕಿಂತ ಹೆಚ್ಚು ಉಳಿಸಲು ಅಲ್ಲಿ ಬಿಲ್ಲೇ ಇಲ್ಲ. 1 ಕಿಲೋವ್ಯಾಟಿಗೆ 75,000 ಖರ್ಚು, 30,000 ಸಬ್ಸಿಡಿ, ಉಳಿದ 45,000ಕ್ಕೆ ಶೇ 6.5ರ ಬಡ್ಡಿಯಲ್ಲಿ ಹತ್ತು ವರ್ಷದ ಸಾಲ ಎಂದಿಟ್ಟುಕೊಂಡರೆ ಕಂತು ತಿಂಗಳಿಗೆ 510. ಘಟಕ ಕೊಡುವ 120 ಯೂನಿಟ್ಟಿನಲ್ಲಿ ಮಿಕ್ಕಿದ 40 ಯೂನಿಟ್ಟನ್ನು ಮಂಡಳಿ ವರ್ಷದ ಕೊನೆಗೆ ಯೂನಿಟ್ಟಿಗೆ 3 ರೂಪಾಯಿಯಂತೆ ಕೊಂಡುಕೊಂಡಿತು ಎಂದು ಸೇರಿಸಿದರೂ ತಿಂಗಳಿಗೆ 120 ಬಂದೀತು. ಒಟ್ಟು 415. ಕಂತಿಗೆ ಇನ್ನೂ ಸಾಲದು. ನಡುವೆ ಇನ್ವರ್ಟರ್ ಕೆಟ್ಟರೆ ಹತ್ತು ವರ್ಷದ ಲೆಕ್ಕವೆಲ್ಲ ತಲೆಕೆಳಗು. ಇನ್ನು ಬಿಪಿಎಲ್ ಪಟ್ಟಿಯಲ್ಲಿದ್ದು ತಿಂಗಳಿಗೆ 40 ಯೂನಿಟ್‌ ಒಳಗೆ ಬಳಸುವವರಿಗೆ ದರ ಯೂನಿಟ್ಟಿಗೆ ಒಂದೂವರೆ ರೂಪಾಯಿ. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಕುಟುಂಬಗಳಿಗೆ 150 ಯೂನಿಟ್‌ವರೆಗೆ ಅದೇ ರಿಯಾಯಿತಿ. ಅವರ ಪಾಲಿಗೆ ಫಲಕ ಉಳಿಸುವುದು ಒಂದೂವರೆ ರೂಪಾಯಿಯನ್ನು ಮಾತ್ರ.

ಇಲ್ಲಿ ದರಪಟ್ಟಿಯನ್ನು ಬೈದು ಪ್ರಯೋಜನವಿಲ್ಲ. ಹೆಚ್ಚು ಬಳಸುವವರು ಹೆಚ್ಚು ಕೊಡಲಿ, ಅದರಿಂದ ಬಡವರ ದರ ತಗ್ಗಲಿ ಎಂದೇ ಅದನ್ನು ಕಟ್ಟಿದ್ದು, ಅದು ಸರಿಯೇ. ತೊಂದರೆ ಏನೆಂದರೆ ಆ ಕಟ್ಟಡದ ಭಾರ ಹೊತ್ತ ಕಂಬಗಳೇ ಮೊದಲು ಜಾಗ ಖಾಲಿ ಮಾಡುತ್ತವೆ. 8.25 ಕೊಡುತ್ತಿದ್ದ ಮನೆ ಫಲಕ ಹಾಕಿಸಿಕೊಂಡು 3.35ರ ಗ್ರಾಹಕನಾಗುತ್ತದೆ. ಕಂಬ, ತಂತಿ, ಲೈನ್‌ಮ್ಯಾನ್ ಸಂಬಳ, ಮಳೆಗಾಲದ ದುರಸ್ತಿ ಯಾವುದೂ ಕಡಿಮೆಯಾಗುವುದಿಲ್ಲ. ಅದನ್ನು ಹಂಚಿಕೊಳ್ಳುವವರು ಕಡಿಮೆಯಾಗುತ್ತಾರೆ. ಸಬ್ಸಿಡಿಯೂ ಇದೇ ದಿಕ್ಕಿಗೆ ಹರಿಯುತ್ತದೆ: 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3ಕ್ಕೆ 78,000. ದೊಡ್ಡ ಘಟಕ ಹಾಕುವಷ್ಟು ಮಾಡೂ ಬಳಕೆಯೂ ಇರುವವರಿಗೆ ಸರ್ಕಾರದ ಚೆಕ್ಕೂ ದೊಡ್ಡದು. 3 ಕಿಲೋವ್ಯಾಟಿಗೆ ಮಿತಿ ಹಾಕಿದ್ದು ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಕೊಲ್ಲಿಯ ದುಡ್ಡಿನಲ್ಲಿ ಎದ್ದ ಮೂರಂತಸ್ತಿನ ಮನೆಗಳಿಗೇ ಎಲ್ಲ ಹೋಗುತ್ತಿತ್ತು.

ಕಾಗದದ ಹಂತದಲ್ಲಿ ಜರಡಿ ಇನ್ನೂ ಸಣ್ಣದಾಗುತ್ತದೆ. ರಾಷ್ಟ್ರೀಯ ಪೋರ್ಟಲಿನಲ್ಲಿ ಗ್ರಾಹಕ ಸಂಖ್ಯೆ ಹಾಕಿ ನೋಂದಣಿ, ಮಂಡಳಿಯ ಒಪ್ಪಿಗೆ, ಮಾನ್ಯತೆ ಪಡೆದ ಗುತ್ತಿಗೆದಾರನ ಆಯ್ಕೆ, ದೇಶೀಯ ಸೆಲ್ಲುಗಳ ಫಲಕ ಅಳವಡಿಕೆ, ನೆಟ್ ಮೀಟರ್, ತಪಾಸಣೆ, ಆಮೇಲೆ ಬ್ಯಾಂಕ್ ಖಾತೆಗೆ ಸಬ್ಸಿಡಿ. ಅಂದರೆ ಸಬ್ಸಿಡಿ ಬರುವುದು ಎಲ್ಲದರ ಕೊನೆಗೆ. ಅಲ್ಲಿಯವರೆಗೆ ಪೂರ್ತಿ ಮೊತ್ತವನ್ನು ಯಾರೋ ಒಬ್ಬರು ಹಾಕಿರಬೇಕು. ಸಾಲ ಸಿಗುತ್ತದೆ, 2 ಲಕ್ಷದವರೆಗೆ ಜಾಮೀನಿಲ್ಲದೆಯೂ ಸಿಗುತ್ತದೆ. ಆದರೆ ಬ್ಯಾಂಕು ಹಳೆಯ ಸಾಲದ ಮರುಪಾವತಿ ಚರಿತ್ರೆ ನೋಡುತ್ತದೆ. ಅಡಕೆ ಮದ್ದು ಬಿಡುವ ಕೂಲಿಯವರು, ಬೀಡಿ ಕಟ್ಟುವ ಹೆಂಗಸರು ಇಂಥ ಚರಿತ್ರೆ ಎಲ್ಲಿಂದ ತರಬೇಕು?

ವಿದ್ಯುತ್ ಸಂಪರ್ಕ ಯಾರ ಹೆಸರಲ್ಲಿದೆ ಎಂಬುದು ಮತ್ತೊಂದು ಗಂಟು. ತೀರಿಹೋದ ಅಜ್ಜನ ಹೆಸರಿನಲ್ಲೇ ಮೀಟರು ಓಡುತ್ತಿರುವ, ಪಾಲು ಪಟ್ಟಿ ಆಗದ ತರವಾಡು ಮನೆಗಳು ಇಲ್ಲಿ ಊರಿಗೊಂದಾದರೂ ಇವೆ. ಹೆಸರು ಬದಲಾಗದೆ ಅರ್ಜಿ ಮುಂದೆ ಹೋಗದು, ಎಲ್ಲ ವಾರಸುದಾರರ ಒಪ್ಪಿಗೆ ಇಲ್ಲದೆ ಹೆಸರು ಬದಲಾಗದು, ವಾರಸುದಾರರಲ್ಲಿ ಇಬ್ಬರು ದುಬೈಯಲ್ಲಿ, ಒಬ್ಬರು ಮುಂಬೈಯಲ್ಲಿ. ಬಾಡಿಗೆ ಕ್ವಾರ್ಟರ್ಸಿನಲ್ಲಿ ಇರುವವರಂತೂ ಲೆಕ್ಕದಲ್ಲೇ ಇಲ್ಲ. ಬಿಲ್ಲು ಕಟ್ಟುವವರು ಅವರು, ಮಾಡು ಮಾಲಕನದ್ದು. ಮಾಲಕನಿಗೆ ಬಿಲ್ಲಿನ ಬಿಸಿ ತಟ್ಟದ ಕಾರಣ ಫಲಕದ ಗರಜೂ ಇಲ್ಲ.

ಆಮೇಲೆ ಮಾಡು. 1 ಕಿಲೋವ್ಯಾಟಿಗೆ ಸುಮಾರು 10 ಚದರ ಮೀಟರ್ ನೆರಳಿಲ್ಲದ ಜಾಗ ಬೇಕು. ಕಾಸರಗೋಡಿನ ಅಕ್ಷಾಂಶದಲ್ಲಿ ಫಲಕ ದಕ್ಷಿಣಕ್ಕೆ ಮುಖ ಮಾಡಿ ಹನ್ನೆರಡು ಹದಿಮೂರು ಡಿಗ್ರಿ ಬಾಗಿರಬೇಕು. ತೋಟದ ನಡುವಿನ ಮನೆಗೆ ದಕ್ಷಿಣದಲ್ಲೇ ತೆಂಗು ನಿಂತಿರುತ್ತದೆ. ಫಲಕಗಳನ್ನು ಸಾಲಾಗಿ ಸರಪಣಿಯಂತೆ ಜೋಡಿಸುವುದರಿಂದ ಒಂದರ ಮೇಲೆ ತೆಂಗಿನ ಗರಿಯ ನೆರಳು ಬಿದ್ದರೆ ಇಡೀ ಸಾಲಿನ ಉತ್ಪಾದನೆ ಕುಗ್ಗುತ್ತದೆ. ಪ್ರತಿ ಫಲಕಕ್ಕೂ ಆಪ್ಟಿಮೈಸರ್ ಹಾಕಿದರೆ ಸರಿಹೋಗುತ್ತದೆ, ಅದಕ್ಕೆ ಬೇರೆ ದುಡ್ಡು. ಹಂಚಿನ ಮಾಡಾದರೆ ಫಲಕದ ಭಾರಕ್ಕಿಂತ ಗಾಳಿಯ ಎಳೆತ ದೊಡ್ಡ ಭಯ. ಜೂನ್ ತಿಂಗಳ ಗಾಳಿ ಫಲಕದ ಅಡಿಗೆ ನುಗ್ಗಿ ಮೇಲಕ್ಕೆ ಎತ್ತುತ್ತದೆ. ಹಳೆಯ ಪಕ್ಕಾಸು, ರೀಪಿಗೆ ಬೋಲ್ಟು ಹಾಕಿ ನಿಲ್ಲಿಸುವುದು ಕೆಲಸವಲ್ಲ. ಗೋಡೆಯಿಂದಲೇ ಕಬ್ಬಿಣದ ಕಾಲು ಎಬ್ಬಿಸಬೇಕು. ಅಲ್ಲಿಗೆ 75,000ದ ಘಟಕ ಲಕ್ಷ ದಾಟುತ್ತದೆ. ಕಡಲ ಕರೆಯ ಮನೆಗಳಲ್ಲಿ ತುಕ್ಕಿನ ಕಾಟ ಬೇರೆ. ಸತುವಿನ ಲೇಪ ಸರಿಯಾಗಿಲ್ಲದ ಚೌಕಟ್ಟು ನಾಲ್ಕೈದು ಮಳೆಗಾಲದಲ್ಲಿ ಉದುರತೊಡಗುತ್ತದೆ.

ಅರ್ಥಿಂಗ್ ಬಗ್ಗೆಯೂ ಒಂದು ಮಾತು, ಏಕೆಂದರೆ ಗುತ್ತಿಗೆದಾರರು ದುಡ್ಡು ಉಳಿಸುವುದು ಹೆಚ್ಚಾಗಿ ಇಲ್ಲೇ. ಮುರಕಲ್ಲಿನ (ತೂತುತೂತಾದ ಕೆಂಪು ಕಲ್ಲಿನ) ನೆಲ ಬೇಸಿಗೆಯಲ್ಲಿ ಒಣಗಿ ವಿದ್ಯುತ್ತಿಗೆ ದಾರಿ ಕೊಡುವುದಿಲ್ಲ. ಮುರಕಲ್ಲಿಗೆ ಒಂದು ಸರಳು ಹೊಡೆದು ಹೋದರೆ ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಇನ್ವರ್ಟರ್ ಹೋಯಿತೆಂದೇ ತಿಳಿಯಿರಿ. ಹೊಂಡ ತೋಡಿ ಇದ್ದಿಲು ಉಪ್ಪು ಅಥವಾ ಅದಕ್ಕೆಂದೇ ಸಿಗುವ ಪುಡಿ ತುಂಬಬೇಕು. ಫಲಕದ ಚೌಕಟ್ಟು, ಡಿಸಿ ಬದಿ, ಎಸಿ ಬದಿಗಳಿಗೆ ಬೇರೆ ಬೇರೆ ಅರ್ಥಿಂಗ್ ಕೊಡಬೇಕು, ಸರ್ಜ್ ಪ್ರೊಟೆಕ್ಟರ್ ಇರಬೇಕು. ಕಡಿಮೆ ದರಕ್ಕೆ ಒಪ್ಪಿಸಿಕೊಂಡ ಬಡ ಮನೆಯಲ್ಲಿ ಇವೇ ಬಿಟ್ಟುಹೋಗುತ್ತವೆ, ಸಿಡಿಲಿಗೆ ಮೊದಲು ಸುಡುವುದೂ ಅಲ್ಲಿಯೇ. ಇನ್ನೊಂದು ತಪ್ಪು ಕಲ್ಪನೆ ಊರೆಲ್ಲ ಹಬ್ಬಿದೆ: ಸೋಲಾರ್ ಇದ್ದರೆ ಕರೆಂಟು ಹೋದಾಗಲೂ ಬೆಳಕು ಇರುತ್ತದೆ ಎಂಬುದು. ಸಬ್ಸಿಡಿಯಲ್ಲಿ ಬರುವ ಸಾಮಾನ್ಯ ಘಟಕ ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮ್ಯಾನಿಗೆ ಶಾಕ್ ಹೊಡೆಯದಿರಲಿ ಎಂದು ಹಾಗೆ ಮಾಡಿದ್ದು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದ ಎಣ್ಮಕಜೆ ಕಡೆಯ ಗುಡ್ಡೆ ಮನೆಗಳಿಗೆ ಬ್ಯಾಟರಿ ಇಲ್ಲದ ಘಟಕ ಆ ಹೊತ್ತಿಗೆ ಬರೀ ಗಾಜು.

ಓಣಿಯ ಕೊನೆಯ ಮನೆ

ತಾಂತ್ರಿಕ ವಿಷಯದಲ್ಲೂ ನ್ಯಾಯದ ಪ್ರಶ್ನೆ ಅಡಗಿರುತ್ತದೆ ಎಂಬುದಕ್ಕೆ ಟ್ರಾನ್ಸ್‌ಫಾರ್ಮರ್ ಒಳ್ಳೆಯ ಉದಾಹರಣೆ. ಒಂದು ಟ್ರಾನ್ಸ್‌ಫಾರ್ಮರಿಗೆ ಎಷ್ಟು ಸೋಲಾರ್ ಸೇರಿಸಬಹುದೆಂಬುದಕ್ಕೆ ಮಿತಿ ಇದೆ. ಮೊದಲು ಬಂದವರಿಗೆ ಮೊದಲು. 2021, 22ರಲ್ಲೇ ಫಲಕ ಹಾಕಿಸಿದ ಉಳ್ಳವರ ಮನೆಗಳು ಮಿತಿಯನ್ನು ತುಂಬಿದ ಮೇಲೆ ಸಾಲ ಹೊಂದಿಸಿಕೊಂಡು ಬಂದ ಮನೆಗೆ ‘ಟ್ರಾನ್ಸ್‌ಫಾರ್ಮರ್ ಸಾಮರ್ಥ್ಯ ಹೆಚ್ಚಿಸಿದ ಮೇಲೆ ನೋಡೋಣ’ ಎಂಬ ಉತ್ತರ ಸಿಗುತ್ತದೆ.

ಒಪ್ಪಿಗೆ ಸಿಕ್ಕಿದರೂ ಮುಗಿಯಲಿಲ್ಲ. ನಮ್ಮ ಕಡೆ ಮನೆಗಳು ಚದುರಿಕೊಂಡಿವೆ, ಟ್ರಾನ್ಸ್‌ಫಾರ್ಮರಿನಿಂದ ಮನೆಗಳಿಗೆ ಬರುವ ಎಲ್‌ಟಿ ಲೈನು ಉದ್ದ. ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲ ಘಟಕಗಳೂ ಲೈನಿಗೆ ವಿದ್ಯುತ್ ತಳ್ಳುವಾಗ ವೋಲ್ಟೇಜು ಏರುತ್ತದೆ. ಅತಿ ಹೆಚ್ಚು ಏರುವುದು ಲೈನಿನ ತುದಿಯಲ್ಲಿ. 250 ವೋಲ್ಟಿನ ಆಸುಪಾಸು ದಾಟಿದಾಗ ಇನ್ವರ್ಟರ್ ತನ್ನನ್ನು ತಾನೇ ಬಂದ್ ಮಾಡಿಕೊಳ್ಳುತ್ತದೆ. ಬಿಸಿಲು ಜೋರಾಗಿರುವ ಹೊತ್ತಿಗೇ ತುದಿಯ ಮನೆಯ ಉತ್ಪಾದನೆ ಶೂನ್ಯ. ಮಾಲಕನಿಗೆ ಇದು ತಿಳಿಯುವುದು ಬಿಲ್ಲು ಬಂದಾಗ, ಅದೂ ತಿಳಿದರೆ. ಇನ್ವರ್ಟರಿನ ಆ್ಯಪ್‌ನಲ್ಲಿ ದಿನದ ಗೆರೆ ನೋಡಿದರೆ ಗುಡ್ಡದ ಆಕಾರ ಇರಬೇಕಾದಲ್ಲಿ ಮಧ್ಯದಲ್ಲಿ ಹಲ್ಲು ಕಿತ್ತಂತೆ ಕಾಣುತ್ತದೆ. ಅದರ ಸ್ಕ್ರೀನ್‌ಶಾಟನ್ನು ವೋಲ್ಟೇಜ್ ದಾಖಲೆಯ ಸಮೇತ ಸೆಕ್ಷನ್ ಆಫೀಸಿಗೆ ಬರಹದಲ್ಲಿ ಕೊಡಬೇಕು. ಟ್ರಾನ್ಸ್‌ಫಾರ್ಮರಿನ ವೋಲ್ಟೇಜು ಹೊಂದಿಸುವ ಟ್ಯಾಪ್ ಒಂದು ಹಂತ ಇಳಿಸುವುದು, ಮನೆಗಳನ್ನು ಮೂರು ಫೇಸುಗಳಿಗೆ ಸಮನಾಗಿ ಹಂಚುವುದು, ದಪ್ಪ ತಂತಿ ಎಳೆಯುವುದು ಇದಕ್ಕಿರುವ ಪರಿಹಾರಗಳು. ಮೊದಲ ಎರಡಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಸಂಜೆಯ ವಿದ್ಯುತ್ತು ಯಾರ ಖರ್ಚಿನಲ್ಲಿ

ಮಧ್ಯಾಹ್ನ ಲೈನಿಗೆ ಕೊಟ್ಟ ಯೂನಿಟ್ಟನ್ನು ರಾತ್ರಿ ಒಂದಕ್ಕೊಂದು ಲೆಕ್ಕದಲ್ಲಿ ವಾಪಸು ಪಡೆಯುವುದೇ ನೆಟ್ ಮೀಟರಿಂಗ್. ಮನೆಯವರಿಗೆ ಯೂನಿಟ್ ಅಂದರೆ ಯೂನಿಟ್. ಮಂಡಳಿಗೆ ಹಾಗಲ್ಲ. ಹಗಲು ದೇಶದೆಲ್ಲೆಡೆ ಸೋಲಾರ್ ತುಂಬಿ ತುಳುಕುವಾಗ ಮಾರುಕಟ್ಟೆಯಲ್ಲಿ ವಿದ್ಯುತ್ ಅಗ್ಗ. ಸಂಜೆ ಅದೇ ಯೂನಿಟ್ಟಿಗೆ ವಿನಿಮಯ ಕೇಂದ್ರದಲ್ಲಿ ಗರಿಷ್ಠ ಮಿತಿಯಾದ 10 ರೂಪಾಯಿಯವರೆಗೂ ಕೊಡಬೇಕಾಗುತ್ತದೆ. ಕೇರಳದಲ್ಲಿ ಬೇಡಿಕೆ ನೆತ್ತಿಗೇರುವುದು ಸಂಜೆಯ ನಂತರವೇ. 2024ರ ಮೇ ತಿಂಗಳ ಸೆಖೆಯಲ್ಲಿ ಅದು 5,797 ಮೆಗಾವ್ಯಾಟ್ ಮುಟ್ಟಿತು. ಅಗ್ಗದ ಯೂನಿಟ್ ಪಡೆದು ತುಟ್ಟಿಯ ಯೂನಿಟ್ ಕೊಡುವುದರ ವ್ಯತ್ಯಾಸ ಕೊನೆಗೆ ಬೀಳುವುದು ಎಲ್ಲರ ದರದ ಮೇಲೆ, 80 ಯೂನಿಟ್ಟಿನ ಮನೆಯೂ ಸೇರಿ. ನೆಟ್ ಮೀಟರಿಂಗ್ ಕಿತ್ತುಹಾಕಿ ಎಂಬ ವಾದಕ್ಕೆ ಬಲ ಬರುವುದು ಇಲ್ಲಿ. ಅದನ್ನು ಪೂರ್ತಿ ಒಪ್ಪುವುದು ಕಷ್ಟ: ಚಿಕ್ಕ ಘಟಕದವರಿಗೆ ಅದೊಂದೇ ಆಸರೆ, ಹಗಲಿಗೆ ಮನೆಯಲ್ಲಿ ಯಾರೂ ಇರದ ಕೂಲಿಕಾರರ ಮನೆಗಂತೂ ಅದಿಲ್ಲದೆ ಫಲಕವೇ ವ್ಯರ್ಥ. ಚಿಕ್ಕ ಘಟಕಕ್ಕೆ ನೆಟ್ ಮೀಟರಿಂಗ್ ಉಳಿಸಿ, ದೊಡ್ಡವರಿಗೆ ಸಮಯ ನೋಡಿ ದರ ಕಟ್ಟುವುದು ನ್ಯಾಯಕ್ಕೆ ಹತ್ತಿರ.

ಸಂಜೆಯ ಕೊರತೆ ನೀಗಿಸಲು ನಮ್ಮ ಜಿಲ್ಲೆಯ ಮೈಲಾಟಿ ಸಬ್‌ಸ್ಟೇಶನ್ನಿಗೇ 125 ಮೆಗಾವ್ಯಾಟಿನ ಬ್ಯಾಟರಿ ಕೇಂದ್ರ ನಿಗದಿಯಾಗಿದೆ. ನಾಲ್ಕು ಗಂಟೆ ಕೊಡುವ, 500 ಮೆಗಾವ್ಯಾಟ್ ಗಂಟೆಯ ಸಾಮರ್ಥ್ಯ. ಟೆಂಡರಿನಲ್ಲಿ ಬಂದ ಬಾಡಿಗೆ ಮೆಗಾವ್ಯಾಟಿಗೆ ತಿಂಗಳಿಗೆ 4.61 ಲಕ್ಷ, ಅವಧಿ 12 ವರ್ಷ. ಗುಣಿಸಿದರೆ ತಿಂಗಳಿಗೆ ಐದೂಮುಕ್ಕಾಲು ಕೋಟಿ. ದಿನಕ್ಕೊಮ್ಮೆ ತುಂಬಿ ಖಾಲಿ ಮಾಡಿದರೆ ಯೂನಿಟ್ಟಿಗೆ ಬರೀ ಇಟ್ಟುಕೊಂಡದ್ದಕ್ಕೇ 3.84 ರೂಪಾಯಿ, ತುಂಬುವ ವಿದ್ಯುತ್ತಿನ ಬೆಲೆಯೂ ನಷ್ಟವೂ ಬೇರೆ. ಸಂಜೆಯ 10 ರೂಪಾಯಿಗೆ ಹೋಲಿಸಿದರೆ ಇದು ಲಾಭವೇ. ಬಾಡಿಗೆ ಯಾರ ಬಿಲ್ಲಿಗೆ ಹೇಗೆ ಹಂಚಿಹೋಗುತ್ತದೆ ಎಂಬುದು ವಿದ್ಯುತ್ ನಿಯಂತ್ರಣ ಆಯೋಗದ ದರ ವಿಚಾರಣೆಯಲ್ಲಿ ನಿರ್ಧಾರವಾಗುತ್ತದೆ. ಆ ವಿಚಾರಣೆಗಳಲ್ಲಿ ದೊಡ್ಡ ಕೈಗಾರಿಕೆಗಳ ವಕೀಲರು ತಪ್ಪದೆ ಇರುತ್ತಾರೆ. ಬೀಡಿ ಕಟ್ಟುವವರ ಪರವಾಗಿ ಕಾಗದ ಕೊಡುವವರು ಬೇಕು.

ಪದವಿನ ಮೇಲಿನ ಫಲಕಗಳು

2021ರ ಫೆಬ್ರುವರಿ 19ರಂದು ಪ್ರಧಾನಿ ಲೋಕಾರ್ಪಣೆ ಮಾಡಿದ 50 ಮೆಗಾವ್ಯಾಟಿನ ಸೌರ ಸ್ಥಾವರ ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ 250 ಎಕರೆಯಲ್ಲಿ ಹರಡಿಕೊಂಡಿದೆ. ಖರ್ಚು ಸುಮಾರು 280 ಕೋಟಿ. ದಕ್ಷಿಣಕ್ಕೆ ಅಂಬಲತ್ತರದಲ್ಲಿ ಇನ್ನೊಂದು ಇಂಥದ್ದೇ. ಇಂಥ ಸ್ಥಾವರಕ್ಕೆ ಜಾಗ ಹುಡುಕುವವರ ಕಣ್ಣು ಮೊದಲು ಹೋಗುವುದು ಮುರಕಲ್ಲಿನ ಪದವಿಗೆ, ಅಂದರೆ ಗುಡ್ಡದ ಮೇಲಿನ ಚಪ್ಪಟೆ ನೆಲಕ್ಕೆ: ಬಯಲು, ಮರವಿಲ್ಲ, ಕೃಷಿಯಿಲ್ಲ, ಕಂದಾಯ ದಾಖಲೆಯಲ್ಲಿ ಸರ್ಕಾರಿ ಪಾಳು. ಭತ್ತದ ಗದ್ದೆಗೆ ಮಣ್ಣು ತುಂಬುವುದಕ್ಕಿಂತ ಇದು ಎಷ್ಟೋ ಮೇಲು, ಅದರಲ್ಲಿ ತಕರಾರಿಲ್ಲ.

ಆದರೆ ಪಾಳು ಎಂಬುದು ದಾಖಲೆಯ ಮಾತು. ಮಳೆಗಾಲದಲ್ಲಿ ಪದವಿನ ಮೇಲೆ ದನ ಮೇಯುತ್ತವೆ. ಮುಳಿಹುಲ್ಲು, ತೋಟಕ್ಕೆ ಹಾಕುವ ಸೊಪ್ಪು ಪದವಿನ ಅಂಚಿನ ಕುರುಚಲಿನಿಂದ ಬರುತ್ತದೆ. ಬುಟ್ಟಿ ಹೆಣೆಯುವ ಕೊರಗ ಕುಟುಂಬಗಳಿಗೆ ಬೇಕಾದ ಬಳ್ಳಿ ಸಿಗುವುದೂ ಇಂಥ ಕುರುಚಲಿನಲ್ಲೇ. ನೀರಿನ ವಿಷಯ ಎಲ್ಲಕ್ಕಿಂತ ದೊಡ್ಡದು. ಪದವಿನ ಮೇಲೆ ನಿಂತ ಮಳೆನೀರು ಮುರಕಲ್ಲಿನ ತೂತುಗಳಲ್ಲಿ ಇಳಿದು, ಕೆಳಗಿನ ಜೇಡಿ ಪದರಕ್ಕೆ ತಾಗಿ, ಅಡ್ಡಕ್ಕೆ ಹರಿದು ಇಳಿಜಾರಿನಲ್ಲಿ ನೀರಿಗಾಗಿ ಅಡ್ಡ ಕೊರೆದ ಸುರಂಗಗಳಿಗೂ ಮದಕಗಳಿಗೂ (ಕೆರೆಗಳಿಗೂ) ಬರುತ್ತದೆ. ಕರೆಂಟಿಲ್ಲದೆ, ಪಂಪಿಲ್ಲದೆ ಮನೆ ಬಾಗಿಲಿಗೆ ನೀರು ತರುವ ಸುರಂಗಕ್ಕಿಂತ ಹಸಿರು ತಂತ್ರಜ್ಞಾನ ಹುಡುಕಿದರೂ ಸಿಗಲಿಕ್ಕಿಲ್ಲ. ಮೇಲಿನ ಕಲ್ಲನ್ನು ಸಮತಟ್ಟು ಮಾಡಿ, ಚರಂಡಿ ತೆಗೆದು ನೀರನ್ನು ಬೇಗ ಹೊರಗೆ ಓಡಿಸಿದರೆ ಕೆಳಗಿನವರಿಗೆ ಮಳೆಗಾಲದಲ್ಲಿ ಕೆಂಪು ನೀರು, ಮಾರ್ಚ್ ತಿಂಗಳಿಗೆ ಒಣ ಸುರಂಗ. ಇದು ತಪ್ಪಿಸಲಾಗದ ಸಂಗತಿಯಲ್ಲ. ಸಮತಟ್ಟು ಮಾಡದೆ ನೆಲದ ಏರಿಳಿತಕ್ಕೆ ತಕ್ಕಂತೆ ಕಂಬ ನಿಲ್ಲಿಸಬಹುದು, ಸಾಲುಗಳ ನಡುವೆ ಇಂಗುಗುಂಡಿ ತೋಡಬಹುದು, ಚರಂಡಿಯನ್ನು ಹಳೆಯ ಮದಕಕ್ಕೇ ತಿರುಗಿಸಬಹುದು. ಕೆಲಸದ ಆದೇಶದಲ್ಲಿ ಮೊದಲೇ ಬರೆದರೆ ಖರ್ಚು ಅಲ್ಪ, ಆಮೇಲೆ ಸೇರಿಸಲು ಹೋದರೆ ಯಾರೂ ಕೇಳುವುದಿಲ್ಲ.

ಕೆಲಸದ ಆಸೆ ತೋರಿಸಿ ಒಪ್ಪಿಗೆ ಪಡೆಯುವುದು ಎಲ್ಲ ಕಡೆಯ ರೂಢಿ. ಕಟ್ಟುವಾಗ ಜನ ಬೇಕು ನಿಜ. ಕಟ್ಟಿ ಮುಗಿದ ಮೇಲೆ ಹುಲ್ಲು ಕೊಚ್ಚಲು, ಫಲಕ ತೊಳೆಯಲು, ಕಾವಲಿಗೆ ಬೆರಳೆಣಿಕೆಯ ಜನ ಸಾಕು. ಅದೂ ಗುತ್ತಿಗೆಯಲ್ಲಿ. ಉದ್ಯೋಗದ ಹೆಸರಿನಲ್ಲಿ ಬೇಡುವುದಕ್ಕಿಂತ ಕಾಯಂ ಪಾಲು ಕೇಳುವುದು ಬುದ್ಧಿವಂತಿಕೆ: ಬೇಲಿಯೊಳಗೆ ಹುಲ್ಲು ಕೊಯ್ಯುವ ಹಕ್ಕು, ಹುಲ್ಲು ಕೊಚ್ಚುವ ಗುತ್ತಿಗೆ ಹೆಂಗಸರ ಕುಡುಂಬಶ್ರೀ ಘಟಕಕ್ಕೆ, ಪಂಚಾಯತಿನ ಬೀದಿದೀಪಕ್ಕೂ ಕುಡಿಯುವ ನೀರಿನ ಪಂಪಿಗೂ ನಿಗದಿತ ಯೂನಿಟ್.

ಪಂಪಿನ ಕಥೆ ಚುಟುಕಾಗಿ. ಕೃಷಿಕರಿಗೆಂದೇ ಇರುವ ಕೇಂದ್ರದ ಸೋಲಾರ್ ಯೋಜನೆ ಪಿಎಂ ಕುಸುಮ್‌ನಲ್ಲಿ ಪಂಪಿಗೆ ಸೋಲಾರ್ ಹಾಕಿಸಲು ಕೇಂದ್ರ ಶೇ 30, ರಾಜ್ಯ ಶೇ 30, ಉಳಿದ ಶೇ 40 ಕೃಷಿಕನದ್ದು. ಆದರೆ ಅರ್ಹ ಸಣ್ಣ ಕೃಷಿಕರ ಪಂಪಿನ ಬಿಲ್ಲನ್ನು ಈಗಾಗಲೇ ಕೃಷಿಭವನದ ಮೂಲಕ ಇಲಾಖೆಯೇ ಕಟ್ಟುತ್ತದೆ. ಬಿಲ್ಲೇ ಬಾರದವನು ಶೇ 40 ಯಾಕೆ ಹಾಕಬೇಕು? ಹೆಚ್ಚಾದ ವಿದ್ಯುತ್ ಮಾರಿ ದುಡ್ಡು ಬರುತ್ತದೆ ಎಂಬ ಭರವಸೆ ಇದ್ದರೆ ಮಾತ್ರ. ಲೈನಿಗೆ ಸೇರದ, ಬಿಡಿಯಾಗಿ ನಿಲ್ಲುವ ಸೋಲಾರ್ ಪಂಪಿನಲ್ಲಿ ಆ ಆಸೆಯೂ ಇಲ್ಲ, ನೀರೆತ್ತಿದಷ್ಟೂ ಪುಕ್ಕಟೆ. ಕಾಸರಗೋಡು ಬ್ಲಾಕಿನ ಅಂತರ್ಜಲ ಚಿಂತಾಜನಕ ಎಂದು ಕೇಂದ್ರ ಅಂತರ್ಜಲ ಮಂಡಳಿಯೇ ಗುರುತಿಸಿದ್ದುಂಟು. ಅಂಥಲ್ಲಿ ಕೊಳವೆಬಾವಿಗೆ ಪುಕ್ಕಟೆ ಬಿಸಿಲು ಕಟ್ಟಿದರೆ ಆಳಕ್ಕೆ ಕೊರೆಸುವ ತಾಕತ್ತಿದ್ದವರ ತೋಟ ಹಸಿರು, ಪಕ್ಕದವರ ಬಾವಿ ಬರಿದು.

ಲೈನಿನ ಅಡಿಯ ತೋಟ

ಉಡುಪಿಯಿಂದ ಕಾಸರಗೋಡು ಜಿಲ್ಲೆಯ ಕರಿಂದಳಕ್ಕೆ ಬರುವ 400 ಕೆವಿ ಲೈನು ಸುಮಾರು 115 ಕಿಲೋಮೀಟರ್. ಗಡಿಯ ಎರಡೂ ಬದಿಯ ಅಡಕೆ ಬೆಳೆಗಾರರು ಇದನ್ನು ವಿರೋಧಿಸುತ್ತ ಬಂದಿದ್ದಾರೆ. ಇದನ್ನು ಶುದ್ಧ ಹಸಿರು ಲೈನು ಎನ್ನಲಾಗದು, ಹೊರಡುವ ತುದಿಯಲ್ಲಿ ಕಲ್ಲಿದ್ದಲು ಸ್ಥಾವರವಿದೆ. ಹಾಗೆಂದು ತಂತಿಗೆ ಯೂನಿಟ್ಟಿನ ಬಣ್ಣ ಗೊತ್ತಾಗದು. ಕರ್ನಾಟಕದ ಗಾಳಿ, ಬಿಸಿಲಿನ ವಿದ್ಯುತ್ತೂ ಕೇರಳದ ಉತ್ತರಕ್ಕೆ ಬರಬೇಕಾದರೆ ಇಂಥ ಲೈನುಗಳೇ ಬೇಕು. ಕಲ್ಲಿದ್ದಲು ಬಿಟ್ಟು ಗಾಳಿ, ಬಿಸಿಲಿಗೆ ಹೋದಷ್ಟೂ ಉತ್ಪಾದನೆ ದೂರದಲ್ಲಿ ಚದುರುತ್ತದೆ, ಲೈನು ಹೆಚ್ಚುತ್ತದೆ. ಆದ್ದರಿಂದ ಕಾರಿಡಾರಿನ, ಅಂದರೆ ಲೈನಿನ ಅಡಿಯ ಪಟ್ಟಿಯ, ಪರಿಹಾರ ಇನ್ನು ಮೇಲೆ ಪದೇ ಪದೇ ಬರುವ ವಿಷಯ.

ಕಾನೂನು ಹೀಗಿದೆ. ಲೈನಿಗೆ ಜಮೀನು ಸ್ವಾಧೀನ ಮಾಡುವುದಿಲ್ಲ. 2003ರ ವಿದ್ಯುತ್ ಕಾಯ್ದೆಯ 164ನೇ ಸೆಕ್ಷನ್ ಮೂಲಕ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಪಡೆದು ಗೋಪುರ ನಿಲ್ಲಿಸುತ್ತಾರೆ, ತಂತಿ ಎಳೆಯುತ್ತಾರೆ. ಜಮೀನು ಮಾಲಕನ ಹೆಸರಲ್ಲೇ ಉಳಿಯುತ್ತದೆ, ತೀರ್ವೆಯೂ (ಭೂಕಂದಾಯವೂ) ಅವನೇ ಕಟ್ಟಬೇಕು. ಕೈಗೆ ಬರುವುದು ಆದ ಹಾನಿಗೆ ಪರಿಹಾರ ಮಾತ್ರ. ಕೇಂದ್ರ ಇಂಧನ ಸಚಿವಾಲಯದ 2015ರ ಮಾರ್ಗಸೂಚಿ ಗೋಪುರದ ಅಡಿಯ ಜಾಗಕ್ಕೆ ಭೂಮಿಯ ಬೆಲೆಯ ಶೇ 85, ತಂತಿಯ ಕೆಳಗಿನ ಪಟ್ಟಿಗೆ ಹೆಚ್ಚೆಂದರೆ ಶೇ 15 ಎಂದಿತ್ತು. 2024ರ ಜೂನ್‌ನಲ್ಲಿ ಅದನ್ನು ಶೇ 200 ಮತ್ತು ಶೇ 30ಕ್ಕೆ ಏರಿಸಿದರು. ಮಾರ್ಗಸೂಚಿ ತಾನಾಗಿ ಕಾನೂನಾಗುವುದಿಲ್ಲ, ರಾಜ್ಯ ಆದೇಶ ಹೊರಡಿಸಬೇಕು.

ಸಂಖ್ಯೆ ಹಾಕಿ ನೋಡಿದರೆ ಕೃಷಿಕರ ಸಿಟ್ಟು ಅರ್ಥವಾಗುತ್ತದೆ. 400 ಕೆವಿ ಲೈನಿನ ಪಟ್ಟಿ 46 ಮೀಟರ್ ಅಗಲ. ತೋಟದ ಮೇಲೆ ನೂರು ಮೀಟರ್ ಹಾದುಹೋದರೆ 4,600 ಚದರ ಮೀಟರ್, ಸುಮಾರು 114 ಸೆಂಟ್ಸ್. 2.7 ಮೀಟರ್ ಅಂತರದಲ್ಲಿ ನೆಟ್ಟ ಅಡಕೆ ಮರ ಅಷ್ಟು ಜಾಗದಲ್ಲಿ 630ರಷ್ಟು. ಗದ್ದೆಯಾಗಿದ್ದರೆ ತಂತಿಯಡಿಯಲ್ಲೂ ಉಳಬಹುದಿತ್ತು. ಹದಿನೈದು ಇಪ್ಪತ್ತು ಮೀಟರ್ ಬೆಳೆಯುವ ಅಡಕೆಗೆ ಅಲ್ಲಿ ಜಾಗವೇ ಇಲ್ಲ, ಕಡಿದ ಮೇಲೆ ಮತ್ತೆ ನೆಡಲೂ ಆಗದು. ಮರಕ್ಕೆ 2 ಕಿಲೋ ಚಾಲಿ (ಒಣಗಿಸಿ ಸುಲಿದ ಅಡಕೆ), ಕಿಲೋಗೆ 400 ರೂಪಾಯಿ ಹಿಡಿದರೆ ವರ್ಷದ ಹುಟ್ಟುವಳಿ 5 ಲಕ್ಷ. ಜಮೀನಿನ ಸರ್ಕಾರಿ ನ್ಯಾಯಬೆಲೆ ಸೆಂಟ್ಸಿಗೆ 10,000 ಎಂದುಕೊಂಡರೆ ಶೇ 30ರ ಲೆಕ್ಕದಲ್ಲಿ ಬರುವುದು 3.42 ಲಕ್ಷ, ಅದೂ ಒಮ್ಮೆ ಮಾತ್ರ. ಮರಗಳಿಗೆ ಬೇರೆ ಪರಿಹಾರ ಉಂಟು. ಜಗಳ ನಡೆಯುವುದು ಅಲ್ಲಿಯೇ: ಮರದ ಮುಂದಿನ ಆದಾಯವನ್ನು ಎಷ್ಟು ವರ್ಷಕ್ಕೆ ಎಣಿಸಬೇಕು? ಎಲೆಚುಕ್ಕೆ, ಹಳದಿ ಎಲೆ ರೋಗ ತಗಲಿದ ಮರಕ್ಕೆ ಬೆಲೆ ತಗ್ಗಿಸಬೇಕೇ? ಒಳ್ಳೆಯ ಅಡಕೆ ಮರ ಐವತ್ತು ವರ್ಷ ಫಲ ಕೊಡುವುದುಂಟು. ಕೆಎಸ್‌ಇಬಿಯದ್ದೇ ಒಂದು ಪ್ರಕರಣದಲ್ಲಿ 2007ರಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಸಿದ್ಧಸೂತ್ರ ಇಲ್ಲ, ಜಾಗ ಎಲ್ಲಿದೆ, ತಂತಿ ಹೇಗೆ ಹಾದಿದೆ, ಎಷ್ಟು ಭಾಗ ಕೆಟ್ಟಿದೆ ಎಂಬುದನ್ನು ಪ್ರಕರಣವಾರು ನೋಡಬೇಕು ಎಂದಿತು. ಪುರಾವೆ ಇಟ್ಟುಕೊಂಡವನಿಗೆ ಇದು ವರ, ಇಲ್ಲದವನಿಗೆ ಶಾಪ.

ಕುಮ್ಕಿಯವರ ಪಾಡು ಇನ್ನೂ ಕಷ್ಟದ್ದು. ಕದೀಂ ವರ್ಗಕ್ಕೆ (ಹಳೆಯ ಪಟ್ಟಾ ಜಮೀನಿಗೆ) ತಾಗಿದ ನೂರು ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಮೇವಿನ ಹಕ್ಕೇ ಕುಮ್ಕಿ. ಅದು ಹಳೆಯ ದಕ್ಷಿಣ ಕನ್ನಡದ ಕಾಲದಿಂದ ಬಂದದ್ದು, ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಉಳಿದದ್ದು. ಅಲ್ಲಿ ಅಡಕೆ, ಗೇರು ಬೆಳೆಸಿಕೊಂಡವರಿಗೆ ಪಟ್ಟೆ (ಹಕ್ಕುಪತ್ರ) ಇಲ್ಲ. ಭೂಮಿಯ ಪರಿಹಾರ ಸರ್ಕಾರದ ಲೆಕ್ಕ, ಮರ ಬೆಳೆಸಿದವನು ತಾನು ಬೆಳೆಸಿದ್ದೆಂದು ಮೊದಲು ರುಜುವಾತು ಮಾಡಬೇಕು. ಗೇಣಿಗೆ ತೋಟ ನೋಡಿಕೊಳ್ಳುವವರು, ಕೊಯ್ಲು ಸುಲಿತದಲ್ಲಿ ದಿನಗೂಲಿ ಕಳೆದುಕೊಳ್ಳುವವರು ಯಾವ ನಮೂನೆಯಲ್ಲೂ ಬರುವುದಿಲ್ಲ.

ಪಟ್ಟಿಯಲ್ಲಿ ಹೆಸರು ಬಂದರೂ ಹಣ ಬರುತ್ತದೆಂಬ ನಂಬಿಕೆ ಈ ಜಿಲ್ಲೆಯಲ್ಲಿ ಯಾಕೆ ಕಡಿಮೆ ಎಂಬುದಕ್ಕೆ ಕಾರಣ ದೂರ ಹುಡುಕಬೇಕಿಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು 2000ದವರೆಗೆ. ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಹೇಳಿತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ಕೇಳಿದಾಗ 3,704 ಸಂತ್ರಸ್ತರಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ. ಅದನ್ನು ಕಂಡ ಎಣ್ಮಕಜೆಯ ಕೃಷಿಕ ‘ಮರ ಕಡಿಯುವ ಮೊದಲು ಚೆಕ್ಕು ಕೊಡಿ’ ಎಂದರೆ ಅದು ಹಟಮಾರಿತನವಲ್ಲ.

ಏನು ಬದಲಿಸಬಹುದು ಎಂಬುದಕ್ಕೆ ಹೊಸ ಕಾನೂನು ಬೇಕಾಗಿಯೇ ಇಲ್ಲ. ಸೂರ್ಯಘರ್ ಯೋಜನೆಯಲ್ಲಿ ಮನೆಯವರು ದುಡ್ಡು ಹಾಕದೆ ವಿದ್ಯುತ್ ಮಂಡಳಿಯೇ ಬಡವರ ಮಾಡಿನ ಮೇಲೆ ಘಟಕ ನಿಲ್ಲಿಸುವ ಮಾದರಿಗೆ ಅವಕಾಶವಿದೆ. ರಾಜ್ಯದ ನಿಯಮ ಒಪ್ಪಿದರೆ, ಬೇರೆ ಕಡೆ ಇರುವ ಒಂದು ಘಟಕದ ಯೂನಿಟ್ಟುಗಳನ್ನು ಹಲವು ಮನೆಗಳ ಬಿಲ್ಲಿಗೆ ಹಂಚುವುದಕ್ಕೂ ದಾರಿಯಿದೆ. ಶಾಲೆಯ ಮಾಡು ವಿಶಾಲವಾಗಿದೆ, ನೆರಳಿಲ್ಲ, ಕಾಂಕ್ರೀಟು. ಮಾಡಿಲ್ಲದ ಕ್ವಾರ್ಟರ್ಸಿನವರಿಗೂ ಹೆಂಚಿನ ಮನೆಯವರಿಗೂ ಪಾಲು ಅಲ್ಲಿಂದ ಕೊಡಬಹುದು. ಇನ್ನು ಭಾಷೆ: ಕಾಸರಗೋಡಿನ ಕನ್ನಡಿಗರು ಇಲ್ಲಿನ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎಂದು 1969ರ ಕೇರಳ ಆಡಳಿತ ಭಾಷಾ ಕಾಯ್ದೆ ಹೇಳುತ್ತದೆ. ಮಲಯಾಳದ ನೋಟೀಸು ಓದಲಾಗದೆ ಆಕ್ಷೇಪದ ಗಡುವು ಮೀರಿದರೆ ನಷ್ಟ ಮರಗಳ ಲೆಕ್ಕದಲ್ಲಿ ಆಗುತ್ತದೆ. ಕನ್ನಡ ಪ್ರತಿ ಕೇಳಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು.

ತೋಟದಲ್ಲಿ ಸರ್ವೆ ಕಲ್ಲು ಬಿದ್ದ ದಿನದಿಂದಲೇ ದಾಖಲೆ ಕೂಡಿಡಬೇಕು. ಮರಗಳಿಗೆ ಬಣ್ಣದಲ್ಲಿ ನಂಬರು ಹಾಕಿ ಸಾಲುವಾರು ಫೋಟೋ ತೆಗೆಯಿರಿ. ಫಲ ಕೊಡುವುದು, ಎಳೆಯದು, ಸಸಿ ಎಂದು ಬೇರೆ ಬೇರೆ ಎಣಿಸಿ. ಒಳ್ಳೆಮೆಣಸಿನ ಬಳ್ಳಿ, ಬಾಳೆ, ತುಂತುರು ನೀರಾವರಿ ಪೈಪು, ಸುರಂಗ, ಕಟ್ಟಪುಣಿಗಳನ್ನೂ (ಬದುಗಳನ್ನೂ) ಬಿಡಬೇಡಿ, ಮಹಜರಿನಲ್ಲಿ ಹೆಚ್ಚಾಗಿ ತಪ್ಪಿಹೋಗುವುದು ಇವೇ. ಅಡಕೆ ಮಾರಿದ ಸೊಸೈಟಿಯ ಐದು ವರ್ಷದ ಬಿಲ್ಲು, ತೀರ್ವೆ ರಶೀದಿ, ಕುಮ್ಕಿಯಾದರೆ ಹಳೆಯ ಅಡಂಗಲ್ (ಕಂದಾಯ ಇಲಾಖೆಯ ಬೆಳೆ ದಾಖಲೆ) ಪ್ರತಿ ಒಟ್ಟಿಗಿರಲಿ. ಮಹಜರಿಗೆ ಸಹಿ ಹಾಕುವಾಗ ಖಾಲಿ ಕಾಲಂ ಒಂದೂ ಉಳಿಯದಂತೆ ನೋಡಿಕೊಂಡು, ಒಪ್ಪದ ವಿಷಯವಿದ್ದರೆ ಸಹಿಯ ಪಕ್ಕದಲ್ಲೇ ‘ಆಕ್ಷೇಪವಿದೆ’ ಎಂದು ಬರೆದು ಪ್ರತಿ ಪಡೆಯಿರಿ. ಕೊಟ್ಟ ಪರಿಹಾರ ಸಾಲದೆಂದಾದರೆ ಟೆಲಿಗ್ರಾಫ್ ಕಾಯ್ದೆಯ 16ನೇ ಸೆಕ್ಷನಿನ ಮೂರನೇ ಉಪವಿಧಿಯಂತೆ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬಹುದು. ಚೆಕ್ಕು ಪಡೆಯುವಾಗ ರಶೀದಿಯಲ್ಲಿ ‘ಹಕ್ಕು ಕಾಯ್ದಿರಿಸಿ’ ಎಂದು ಬರೆದಿಟ್ಟರೆ ಆ ದಾರಿ ಮುಚ್ಚಿಹೋಗುವುದಿಲ್ಲ.